ಹಬ್ಬದ ಎಣ್ಣೆಗೆ ಮೂರು ವರ್ಷದ ಶಿಕ್ಷೆ

ನಗರ ಕಬಡ್ಡಿ ಲೀಗಿನ ಶಿಸ್ತು ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನನ್ನ ಹೆಂಡತಿ ಒಬ್ಬ ಪಿತೂರಿಗಾರ್ತಿ ಎಂಬ ವಿಷಯ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿರಲಿಲ್ಲ. ಅದನ್ನು ಅಚ್ಚು ಹಾಕಿಸಿ ತಿಳಿಸಿಕೊಟ್ಟಿದ್ದಕ್ಕೆ ಮೊದಲು ತಮಗೆ ವಂದನೆಗಳು. ಟಿ. ದಾಸರಹಳ್ಳಿಯ ನಮ್ಮ ತಂಡವನ್ನು ಮೂರು ವರ್ಷ ಲೀಗಿನಿಂದ ಹೊರಗಿಟ್ಟು ತಾವು ಹೊರಡಿಸಿದ ಆದೇಶದಲ್ಲಿ, ‘ಸ್ಥಳೀಯ ಮಹಿಳೆಯೊಬ್ಬರ ನೆರವಿನೊಂದಿಗೆ, ಎದುರಾಳಿಯ ಹಿಡಿತ ತಪ್ಪಿಸುವ ಉದ್ದೇಶದಿಂದ, ಪೂರ್ವಯೋಜಿತವಾಗಿ ಮೈಗೆ ಎಣ್ಣೆ ಬಳಿದುಕೊಂಡು’ ಎಂದು ಬರೆದಿದ್ದೀರಿ. ಆ ಸ್ಥಳೀಯ ಮಹಿಳೆಗೆ ಗಂಗರತ್ನಮ್ಮ ಎಂದು ಹೆಸರಿದೆ. ಶಿಕ್ಷೆ ನ್ಯಾಯವೋ ಅನ್ಯಾಯವೋ ಎಂದು ನಮ್ಮೂರಿನಲ್ಲಿ ಹೋದ ದೀಪಾವಳಿಯಿಂದ ವಾದ ನಡೆದಿದೆ, ಈ ದೀಪಾವಳಿ ಬಂದರೂ ಮುಗಿದಿಲ್ಲ. ತಮಗೆ ಎರಡು ಸಲ ಮನವಿ ಕೊಟ್ಟೆವು, ಉತ್ತರ ಬರಲಿಲ್ಲ. ಆದ್ದರಿಂದ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಬೇಸಾಯದವನು. ಹೊಲದ ಬಹುಪಾಲು ಪೀಣ್ಯದ ಕಾರ್ಖಾನೆಗಳ ಪಾಲಾಯಿತು. ಉಳಿದ ತುಂಡಿನಲ್ಲಿ ಸೊಪ್ಪು, ರಾಗಿ ಬೆಳೆಯುತ್ತೇನೆ. ಮನೆಯ ಹಿಂದೆ ಸಾಲಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇನೆ. ಅದರಲ್ಲಿರುವವರು ಗುಲ್ಬರ್ಗಾ, ರಾಯಚೂರು ಕಡೆಯಿಂದ ಬಂದು ಕಾರ್ಖಾನೆ ಸೇರಿದ ಹುಡುಗರು. ನಮ್ಮ ರಾಗಿ ಕಣ ಸುಗ್ಗಿ ಬಿಟ್ಟರೆ ವರ್ಷವಿಡೀ ಖಾಲಿ. ಅಲ್ಲಿ ಊರಿನ ಹುಡುಗರು ಕಬಡ್ಡಿ ಆಡುವುದನ್ನು ಈ ಬಾಡಿಗೆ ಹುಡುಗರು ಕೆಲವು ದಿನ ಬೇಲಿಯಾಚೆ ನಿಂತು ನೋಡಿದರು, ಆಮೇಲೆ ತಾವೂ ಇಳಿದರು. ಮೊದಮೊದಲು ಇವರ ಮಾತು ಕೇಳಿ ಅವರಿಗೆ ನಗು, ಅವರ ಮಾತು ಕೇಳಿ ಇವರಿಗೆ ನಗು. ಒಂದು ವರ್ಷ ಕಳೆಯುವಷ್ಟರಲ್ಲಿ ಏಳು ಜನರ ತಂಡವಾಯಿತು: ಮೂವರು ಊರಿನವರು, ನಾಲ್ವರು ಆ ಕಡೆಯವರು. ಅವರಲ್ಲಿ ಶಿವಶರಣಪ್ಪ ಎಂಬ ಹುಡುಗ ಉಸಿರು ಕಟ್ಟಿ ಎದುರಾಳಿಯ ಅಂಕಣಕ್ಕೆ ನುಗ್ಗಿದನೆಂದರೆ, ಮುನಿಯಣ್ಣನ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವವರೂ ಲೋಟ ಬಿಟ್ಟು ಓಡಿ ಬರುತ್ತಿದ್ದರು. ಬಾಡಿಗೆಯವರು, ಊರವರು ಎಂಬ ಮಾತು ಆ ಕಣದಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಇನ್ನು ಆ ನರಕ ಚತುರ್ದಶಿಯ ಬೆಳಗಿನ ವಿಷಯ. ಯಲಹಂಕದ ತಂಡದೊಂದಿಗೆ ನಮ್ಮ ಸೆಮಿಫೈನಲ್ ಪಂದ್ಯವನ್ನು ಆ ದಿನವೇ ಇಟ್ಟವರು ತಾವು. ವರ್ಷದಲ್ಲಿ ಅಷ್ಟೊಂದು ಭಾನುವಾರಗಳಿದ್ದರೂ ತಮ್ಮ ಕಣ್ಣಿಗೆ ಬಿದ್ದದ್ದು ಅದೊಂದೇ ದಿನ. ಇರಲಿ, ಸಂಜೆ ನಾಲ್ಕಕ್ಕೆ ಯಶವಂತಪುರದ ಮೈದಾನದಲ್ಲಿ ಎಂದಿತ್ತು, ನಾವೂ ಒಪ್ಪಿದ್ದೆವು. ನಾಲ್ವರು ಹುಡುಗರು ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಬಂದರು. ನಮ್ಮ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದ ಮೇಲೆ ಹಬ್ಬದ ಎಣ್ಣೆಗೆ ನಮ್ಮ ಮನೆಯಲ್ಲಿ ನನ್ನ ಬೋಳುತಲೆಯೊಂದನ್ನು ಬಿಟ್ಟರೆ ಬೇರೆ ತಲೆ ಇರಲಿಲ್ಲ. ಗಂಗರತ್ನಮ್ಮ ಹಿಂದಿನ ದಿನವೇ ಹಂಡೆ ತೊಳೆದು, ಸುಣ್ಣದ ಪಟ್ಟೆ ಬಳಿದು, ನೀರು ತುಂಬಿಸಿ, ಕೋಣೆಗಳ ಬಾಗಿಲಿಗೆ ಹೋಗಿ ಹೇಳಿ ಬಂದಿದ್ದಳು. ಮಣೆ ಹಾಕಿ ನಾಲ್ವರನ್ನೂ ಕೂರಿಸಿದಳು, ಹಣೆಗೆ ಕುಂಕುಮ ಇಟ್ಟು ಆರತಿ ಎತ್ತಿದಳು, ಬಿಸಿ ಮಾಡಿದ ಹರಳೆಣ್ಣೆಯನ್ನು ನೆತ್ತಿಗೂ ಬೆನ್ನಿಗೂ ಹಚ್ಚಿದಳು. ಉಳಿದ ಮೈಗೆ ಅವರೇ ತಿಕ್ಕಿಕೊಂಡರು. ಎಣ್ಣೆ ಚೆನ್ನಾಗಿ ನೆನೆಯಬೇಕು, ಆಮೇಲೆ ಸೀಗೆಪುಡಿ ಹಾಕಿ ತಿಕ್ಕಿ ಹಂಡೆ ಖಾಲಿಯಾಗುವವರೆಗೂ ನೀರು ಹೊಯ್ಯಬೇಕು, ನಮ್ಮ ಕಡೆ ಕ್ರಮ ಹಾಗೆ. ಶಿವಶರಣಪ್ಪ ಕಣ್ಣು ಮುಚ್ಚಿ ಕೂತಿದ್ದ. ಊರು ಬಿಟ್ಟ ಮೇಲೆ ತಲೆಗೆ ಯಾರೂ ಎಣ್ಣೆ ಇಟ್ಟಿರಲಿಲ್ಲ ಎಂದು ಹೇಳಿದ.

ಅಷ್ಟರಲ್ಲಿ ಸೈಕಲ್ ಅಂಗಡಿಯ ಗುಲಾಮ್ ರಸೂಲ್ ಯಶವಂತಪುರದಿಂದ ಸೈಕಲ್ ತುಳಿದುಕೊಂಡು ಬಂದು ಅಂಗಳದಲ್ಲಿ ನಿಂತ. ಪಂದ್ಯ ಬೆಳಿಗ್ಗೆಗೆ ಬದಲಾಗಿದೆಯಂತೆ, ಯಲಹಂಕದವರು ಆಗಲೇ ಬಂದು ಮೈದಾನದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾರಂತೆ! ಮುಖ್ಯ ಅತಿಥಿಗಳಿಗೆ ಸಂಜೆ ಬೇರೆ ಕಾರ್ಯಕ್ರಮವಿತ್ತು ಎಂದು ಆಮೇಲೆ ತಿಳಿಯಿತು. ತಾವು ಹಿಂದಿನ ಸಂಜೆ ಕಚೇರಿಯ ಗೋಡೆಗೆ ಚೀಟಿ ಅಂಟಿಸಿದ್ದಿರಂತೆ. ದಾಸರಹಳ್ಳಿಯ ಜನ ಪ್ರತಿ ಸಂಜೆ ತಮ್ಮ ಗೋಡೆಗೆ ಪ್ರದಕ್ಷಿಣೆ ಬರಬೇಕೆಂಬ ನಿಯಮ ನಮಗೆ ಗೊತ್ತಿರಲಿಲ್ಲ. ಬರದಿದ್ದರೆ ಸೋತಂತೆ ಎಂದೂ ಚೀಟಿಯಲ್ಲಿತ್ತಂತೆ. ಹುಡುಗರು ತಲಾ ನಾಲ್ಕು ಚೊಂಬು ನೀರು ಸುರಿದುಕೊಂಡು, ಒದ್ದೆ ಮೈ ಮೇಲೇ ಬನಿಯನ್ ಎಳೆದುಕೊಂಡು, ತುಮಕೂರು ರಸ್ತೆಗೆ ಓಡಿ, ಊರಿನ ಮೂವರನ್ನೂ ನನ್ನನ್ನೂ ಸೇರಿಸಿಕೊಂಡು ಲಾರಿ ಹತ್ತಿದರು.

ಪಂದ್ಯದಲ್ಲಿ ಆದದ್ದನ್ನು ಮುಚ್ಚಿಡುವುದಿಲ್ಲ. ಅಂಪೈರರು ಪಂದ್ಯಕ್ಕೆ ಮುಂಚೆ ಉಗುರು ನೋಡಿದರು, ಮೈ ಮುಟ್ಟಿ ನೋಡಲಿಲ್ಲ. ಬೆವರು ಬರುವವರೆಗೆ ಏನೂ ತಿಳಿಯಲಿಲ್ಲ, ಬೆವರಿನ ಜೊತೆ ಎಣ್ಣೆಯೂ ಬಂತು. ಕೊನೆಯ ಹೊತ್ತಿನಲ್ಲಿ ಯಲಹಂಕದವರು ಶಿವಶರಣಪ್ಪನ ಸೊಂಟ, ಕಾಲು ಎರಡನ್ನೂ ಸರಿಯಾಗಿ ಹಿಡಿದಿದ್ದರು. ಅವನು ಜಾರಿ ಬಂದು ಗೆರೆ ಮುಟ್ಟಿದ, ನಾವು ಗೆದ್ದೆವು. ಅವರ ನಾಯಕ ತನ್ನ ಅಂಗೈಯನ್ನು ಅಂಪೈರರ ಮೂಗಿಗೆ ಹಿಡಿದ. ಎಣ್ಣೆ ಜಿಡ್ಡಿನ ಮೈಯಲ್ಲಿ ಆಡಬಾರದು ಎಂಬುದು ನಿಯಮ, ಆ ನಿಯಮ ಮುರಿದದ್ದು ನಿಜ. ಗೆಲುವನ್ನು ಯಲಹಂಕದವರಿಗೆ ಕೊಟ್ಟಿರಿ, ಸರಿಯಾಗಿಯೇ ಮಾಡಿದಿರಿ.

ಅಲ್ಲಿಂದ ಮುಂದಿನದೇ ನಮ್ಮ ತಕರಾರು. ಮುನಿಯಣ್ಣನ ಹೋಟೆಲಿನಲ್ಲಿ ವರ್ಷಪೂರ್ತಿ ಇದೇ ಮಾತು. ನಮ್ಮ ಲಕ್ಕಣ್ಣ ಹಿಂದೆ ಚೆನ್ನಾಗಿ ಆಡಿದವನು, ಈಗ ಅವನ ತಮ್ಮ ತಂಡದಲ್ಲಿದ್ದಾನೆ. ಆದರೂ ಅವನು ಮೊದಲ ದಿನದಿಂದ ಶಿಕ್ಷೆ ಸರಿ ಎನ್ನುತ್ತಾನೆ. “ಅಣ್ಣ, ಬ್ಯಾಸರ ಮಾಡ್ಕೋಬ್ಯಾಡ. ಕೈಗ್ ಸಿಕ್ದೋನು ಜಾರ್ಕೊಂಡು ಒಂಟೋದ. ನಮ್ ಐಕ್ಳಿಗೆ ಇಂಗಾಗಿದ್ರೆ ನಾವ್ ಸುಮ್ಕಿರ್ತಿದ್ವಾ?” ಎಂದು ಕೇಳಿದ. ಕಾರ್ಖಾನೆಯ ಶೇಖರಪ್ಪ, ಆ ಹುಡುಗರ ಕಡೆಯ ಹಿರಿಯ, ಮೆಲ್ಲಗೆ ಹೇಳಿದ: “ತಪ್ಪು ಆಗೈತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಏಳೂ ಮಂದಿಗಿ ಮೂರ್ ವರ್ಷ ಅಂದ್ರ ಅವರ ಆಡೋ ವಯಸ್ಸೇ ಹೋತಲ್ರೀ.” ಊರಿನ ಮೂವರು ಹುಡುಗರು ಅಂದು ನಸುಕಿನಲ್ಲೇ ತಮ್ಮ ಮನೆಗಳಲ್ಲಿ ಸ್ನಾನ ಮುಗಿಸಿ ಒಣಗಿ ಕೂತಿದ್ದರು. ಅವರ ಮೈಯಲ್ಲಿ ಜಿಡ್ಡಿರಲಿಲ್ಲ, ಆದೇಶದಲ್ಲಿ ಅವರ ಹೆಸರಿದೆ. ಇದು ಯಾವ ತಕ್ಕಡಿ, ಸ್ವಾಮಿ?

ವಿಚಾರಣೆಯ ದಿನ ನಾನು ಬಾಗಿಲ ಹೊರಗೆ ನಿಂತಿದ್ದೆ. ತಾವು ಎಣ್ಣೆ ಹಚ್ಚಿದವರು ಯಾರೆಂದು ಕೇಳಿದಿರಿ. ಶಿವಶರಣಪ್ಪ, “ನಾನೇ ಹಚ್ಕೊಂಡೀನ್ರಿ. ಇದ್ರಾಗ ಅವ್ವಾರ ಹೆಸರು ತರಬ್ಯಾಡ್ರಿ” ಎಂದ. ಬೇರೆ ಯಾರೂ ಅವಳ ಮಾತು ಎತ್ತಿರಲಿಲ್ಲ. ಅವಳನ್ನು ಕಾಪಾಡಲು ಹೋಗಿ ಅವನೇ ಅವಳನ್ನು ತಮ್ಮ ಮೇಜಿನ ಮೇಲೆ ತಂದಿಟ್ಟ. ಯಾವ ಅವ್ವ ಎಂದು ಕೇಳಿದಿರಿ. ಅವನು ತಲೆ ತಗ್ಗಿಸಿದ. ಆ ಮೌನವೇ ತಮಗೆ ಪಿತೂರಿಯ ಸಾಕ್ಷಿಯಾಯಿತು. ಹೊರಗೆ ನಿಂತಿದ್ದ ನನ್ನನ್ನು ಕರೆದು ಒಂದು ಮಾತು ಕೇಳಿದ್ದರೆ ಎಲ್ಲವನ್ನೂ ಹೇಳುತ್ತಿದ್ದೆ. ತಮಗೆ ಊಟದ ಹೊತ್ತಾಗಿತ್ತು.

ಒಂದು ಪ್ರಶ್ನೆ ಕೇಳುತ್ತೇನೆ. ಮೋಸಕ್ಕೆಂದೇ ಎಣ್ಣೆ ಬಳಿಯುವವರು ತಲೆಗೆ ಯಾಕೆ ಸುರಿಯುತ್ತಾರೆ? ಆ ಎಣ್ಣೆ ಹಣೆಯಿಂದ ಇಳಿದು ಕಣ್ಣಿಗೆ ಹೋಗಿ ಶಿವಶರಣಪ್ಪ ಎರಡು ಸಲ ಎದುರಾಳಿ ಕಾಣದೆ ಔಟಾದ. ಇದೆಂಥ ಪೂರ್ವಯೋಜನೆ? ಕುಂಕುಮ ಇಟ್ಟು ಆರತಿ ಎತ್ತಿ ಮಾಡುವ ಪಿತೂರಿಯನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ? ಆ ಬೆಳಿಗ್ಗೆ ಈ ಸೀಮೆಯಲ್ಲಿ ಎಣ್ಣೆ ಹಚ್ಚಿಕೊಳ್ಳದ ಮೈ ಯಾವುದಿತ್ತು? ತಮ್ಮ ಅಂಪೈರರ ಕಿವಿಯ ಹಿಂದೆಯೂ ಸೀಗೆಪುಡಿ ಅಂಟಿತ್ತು, ಗುಲಾಮ್ ರಸೂಲ್ ನನಗೆ ತೋರಿಸಿ ನಕ್ಕಿದ್ದ. ತಾವೂ ತಮ್ಮ ಮನೆಯಲ್ಲಿ ಯಾರೋ ಒಬ್ಬ ಸ್ಥಳೀಯ ಮಹಿಳೆಯ ನೆರವಿನಿಂದಲೇ ಅಭ್ಯಂಜನ ಮುಗಿಸಿ ಬಂದಿರುತ್ತೀರಿ.

ಗಂಗರತ್ನಮ್ಮನಿಗೆ ಓದು ಬರುವುದಿಲ್ಲ. ಆದೇಶವನ್ನು ನಾನು ಓದಿ ಹೇಳಿದಾಗ ಆ ಸಾಲನ್ನು ಹಾರಿಸಿದೆ. ಆದರೆ ನಲ್ಲಿಯ ಹತ್ತಿರ ಯಾರೋ ಹೇಳಿದರು. ಬಾಡಿಗೆಯವರನ್ನು ತಲೆ ಮೇಲೆ ಕೂರಿಸಿಕೊಳ್ಳಲು ಹೋಗಿ ಊರಿನ ತಂಡವನ್ನೇ ಮುಳುಗಿಸಿದಳು ಎಂದೂ ಸೇರಿಸಿದರು. ಅಂದಿನಿಂದ ಅವಳು ನೀರಿಗೆ ಮಧ್ಯಾಹ್ನ ಬಿಸಿಲಿನಲ್ಲಿ, ಯಾರೂ ಇಲ್ಲದಾಗ ಹೋಗುತ್ತಾಳೆ. ಕಣದಲ್ಲಿ ಊರಿನ ಹುಡುಗರು ಒಂದು ಮೂಲೆಯಲ್ಲಿ, ಆ ನಾಲ್ವರು ಇನ್ನೊಂದು ಮೂಲೆಯಲ್ಲಿ ಕೂರುತ್ತಾರೆ. ತಮ್ಮ ಶಿಕ್ಷೆ ಮೂರು ವರ್ಷಕ್ಕೆ ಮುಗಿಯಬಹುದು. ಇದು ಹೇಗೆ ಮುಗಿಯುತ್ತದೆಂದು ಯೋಚಿಸಿದರೆ ನನಗೆ ದಿಗಿಲಾಗುತ್ತದೆ. ಮೊನ್ನೆ ಶಿವಶರಣಪ್ಪ ಬಾಡಿಗೆ ಕೊಡಲು ಬಂದವನು, ಈ ಸಲ ಹಬ್ಬದ ದಿನ ಬೆಳಗಿನ ಶಿಫ್ಟ್ ಕೇಳಿ ಹಾಕಿಸಿಕೊಂಡಿದ್ದೇನೆ ಎಂದ. ಅವಳು ಒಳಗಿನಿಂದಲೇ ನನಗೆ ಹೇಳಿದಳು: “ಒಳ್ಳೇದಾಯ್ತು ಬುಡಿ. ನಾನ್ ಮುಟ್ಟಿದ್ಕೇ ಅಲ್ವಾ ಐಕ್ಳಿಗೆ ಇಂಗಾಗಿದ್ದು.” ಅವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ನಾನು ಮೂವತ್ತು ಜನರ ಮುಂದೆ ಜಗಳವಾಡಬಲ್ಲವನು, ಅವರಿಬ್ಬರ ನಡುವೆ ಕೂತು ಬಾಡಿಗೆಯ ನೋಟುಗಳನ್ನೇ ಮತ್ತೆ ಮತ್ತೆ ಎಣಿಸಿದೆ.

ಆದ್ದರಿಂದ ಶಿಕ್ಷೆ ತೆಗೆಯಿರಿ ಎಂದು ಈ ಪತ್ರದಲ್ಲಿ ಕೇಳುತ್ತಿಲ್ಲ. ಅದು ಹೆಚ್ಚಾಯಿತೆಂದು ನಾನೂ ಶೇಖರಪ್ಪನೂ ಹೇಳುತ್ತಲೇ ಇರುತ್ತೇವೆ, ಸರಿ ಎಂದು ಲಕ್ಕಣ್ಣ ಹೇಳುತ್ತಲೇ ಇರುತ್ತಾನೆ. ಮೂರು ವರ್ಷ ಬೇಕಾದರೆ ಇಟ್ಟುಕೊಳ್ಳಿ. ಆ ಒಂದು ಸಾಲನ್ನು ಹೊಡೆದುಹಾಕಿ. ‘ಎಣ್ಣೆ ಹಬ್ಬದ್ದು, ಹಚ್ಚಿದವಳಲ್ಲಿ ಕಪಟವಿರಲಿಲ್ಲ, ಹೊತ್ತು ಬದಲಿಸಿದವರು ನಾವು’ ಎಂದು ತಾವೇ ಬರೆದು, ಚೀಟಿ ಅಂಟಿಸಿದ ಅದೇ ಗೋಡೆಗೆ ಅಂಟಿಸಿ. ಈ ಸಲ ತಪ್ಪದೆ ಬಂದು ಓದುತ್ತೇವೆ. ಹೀಗೆ ಬರೆಯುತ್ತೇನೆಂದು ಹೋಟೆಲಿನಲ್ಲಿ ಹೇಳಿದಾಗ ಮೊದಲು ಎದ್ದು ಬಂದವನು ಲಕ್ಕಣ್ಣನೇ. “ಶಿಕ್ಸೆ ಸರೀನೇ ಅಂತೀನಿ ನಾನು. ಆದ್ರೆ ಅತ್ತಿಗಮ್ಮನ್ ಇಸ್ಯ ಸುಳ್ಳು. ನನ್ ಎಸ್ರೂ ಆಕು” ಎಂದ.

ನೀರು ತುಂಬುವ ಹಬ್ಬಕ್ಕೆ ಇನ್ನು ಒಂದು ವಾರವಿದೆ. ಹಂಡೆಯನ್ನು ಈ ಸಲ ನಾನೇ ತೊಳೆದು, ಸುಣ್ಣದ ಪಟ್ಟೆ ಬಳಿದು ಇಟ್ಟಿದ್ದೇನೆ. ಅವಳು ಅದರ ಹತ್ತಿರ ಸುಳಿದಿಲ್ಲ.

ಇಂತಿ,
ತಮ್ಮ ಆದೇಶದ ‘ಸ್ಥಳೀಯ ಮಹಿಳೆ’ಯ ಗಂಡ
ನರಸಿಂಹಯ್ಯ

ಜೊತೆಗೆ, ಶಿಕ್ಷೆ ಸರಿ ಎನ್ನುವ ಲಕ್ಕಣ್ಣ
ಟಿ. ದಾಸರಹಳ್ಳಿ, ಅಕ್ಟೋಬರ್ ೧೯೮೪