ಅಕ್ಕನ ಬುಟ್ಟಿ ಸೇರಿದ ಲೆನ್ಸು

ನೇಯಾಫು, ವಾವಾವು ದ್ವೀಪ
೨೦ ಆಗಸ್ಟ್ ೨೦೧೨, ಸೋಮವಾರ

ಪ್ರೀತಿಯ ಲಾವೀನಿಯಾ,

ಆಕ್ಲೆಂಡಿನ ಚಳಿ ನಿನ್ನ ಮಂಡಿಗಳನ್ನು ಕಾಡುತ್ತಿಲ್ಲವಷ್ಟೆ? ಶಸ್ತ್ರಚಿಕಿತ್ಸೆಯಾದ ಕಣ್ಣುಗಳ ಪಟ್ಟಿಯನ್ನು ಶುಕ್ರವಾರದವರೆಗೆ ಮುಟ್ಟಬೇಡ. ತುರಿಸಿದರೆ ಪ್ರಾರ್ಥನೆ ಮಾಡು. ಮಗಳು ಲೂಪೆ ಇದನ್ನು ನಿನಗೆ ಓದಿ ಹೇಳುವಾಗ ಅಲ್ಪವಿರಾಮಗಳಲ್ಲಿ ನಿಲ್ಲಲಿ. ಇಲ್ಲಿ ನಾನೂ ಹಂದಿಗಳೂ ಕ್ಷೇಮ.

ಪಟ್ಟಿ ಬಿಚ್ಚಿದೊಡನೆ ಈ ವರ್ಷದ ತಾಯಿ-ಮರಿ ತಿಮಿಂಗಿಲಗಳ ಚಿತ್ರವನ್ನೇ ಮೊದಲು ನೋಡಬೇಕೆಂದು ನೀನು ಹೇಳಿದ್ದೆ. ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ನೀನು ನನ್ನಿಂದ ಬೇಡಿದ ಎರಡನೆಯ ವಸ್ತು ಇದು. ಮೊದಲನೆಯದು ನನ್ನ ಮೌನ. ಈ ಬಾರಿಯಾದರೂ ಸೋಲಬಾರದೆಂದು, ಲೂಪೆ ಬಿಟ್ಟುಹೋದ ಕ್ಯಾಮೆರಾವನ್ನೂ ಎರಡು ಲೆನ್ಸುಗಳನ್ನೂ ಮೇಜಿನ ಮೇಲಿಟ್ಟು ಕೈಪಿಡಿಯನ್ನು ಮೂರು ಸಲ ಓದಿದೆ. ಮೊಳದುದ್ದದ ಲೆನ್ಸು ದೂರದ್ದನ್ನು ಹತ್ತಿರ ತರುತ್ತದೆ. ಆದರೆ ಹತ್ತಿರದ್ದೆಲ್ಲ ಅದಕ್ಕೆ ಮಸುಕು, ದೋಣಿ ಅಲುಗಿದರೆ ಚಿತ್ರವೂ ಅಲುಗುತ್ತದೆ. ದೋಣಿ ನಡೆಸುವ ಲಿಸಿಯಾಟೆ, ಗುಣಾಕಾರದಲ್ಲಿ ನನ್ನನ್ನು ಎಂದೂ ಸಂತೋಷಪಡಿಸದ ಶಿಷ್ಯ, "ಗಿಡ್ಡದ್ದೇ ತನ್ನಿ ಮಾಸ್ತರೇ. ಮರಿ ಕಟ್ಕೊಂಡಿರೋಳು ದೋಣಿ ಪಕ್ಕಕ್ಕೇ ಬಂದು ನಮ್ಮನ್ನೇ ನೋಡ್ತಾಳೆ" ಎಂದ. ಅವನ ಜೀವಮಾನದ ಮೊದಲ ಸರಿಯುತ್ತರವೆಂದು ಒಪ್ಪಿ, ಗಿಡ್ಡದ್ದನ್ನೇ ಆರಿಸಿದೆ.

ತಪ್ಪು ನಡೆದದ್ದು ಆಮೇಲೆ. ಒರೆಸಿ ಹೊಳಪೇರಿಸಿದ ಲೆನ್ಸನ್ನು ಕಿಟಕಿಯ ಬಳಿ ಇಟ್ಟೆ, ಅದೂ ಓಫಾ ಅಕ್ಕ ಬರುವ ದಿನ. "ಇದು ಚೆನ್ನಾಗಿದೆ ಕಣೋ ಫಿಲಿಮೋನೆ. ಚರ್ಚಿನ ಹಾಡಿನ ದಿನಕ್ಕೆ ನಂಗೆ ಬೇಕು" ಎಂದವಳೇ ಅದನ್ನು ಬುಟ್ಟಿಗೆ ಹಾಕಿಕೊಂಡಳು. ತನ್ನ ಬಳಿ ಕ್ಯಾಮೆರಾವೇ ಇಲ್ಲವೆಂಬುದು ಅವಳಿಗೆ ತೊಡಕೆನಿಸಲಿಲ್ಲ. ನಮ್ಮ ದ್ವೀಪದ ರೂಢಿ ನಿನಗೆ ಗೊತ್ತೇ ಇದೆ, ಅಕ್ಕ ಕೇಳಿದ್ದನ್ನು ತಮ್ಮ ಕೊಡಬೇಕು. ಕೊಟ್ಟದ್ದನ್ನು ಹಿಂದಕ್ಕೆ ಕೇಳುವಷ್ಟು ನಾನಿನ್ನೂ ಕೆಟ್ಟಿಲ್ಲ.

ಶನಿವಾರ ಉದ್ದದ್ದನ್ನೇ ಕೊರಳಿಗೆ ಹಾಕಿಕೊಂಡು ಹೊರಟೆ. ಅಕ್ಕನೂ ಬುಟ್ಟಿಸಮೇತ ದೋಣಿ ಹತ್ತಿದಳು. ಲಿಸಿಯಾಟೆ ಎಂಜಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಎರಡು ಮಾರು ದೂರದಲ್ಲಿ ತಾಯಿ ಎದ್ದಿತು, ಅದರ ಬೆನ್ನಿಗೊರಗಿ ಮರಿ. ನನ್ನ ಲೆನ್ಸಿನೊಳಗೆ ಬೂದುಬಣ್ಣದ ಮಂಜು ಮಾತ್ರ.

"ಕೇಳಿಬಿಡಿ ಮಾಸ್ತರೇ, ಬುಟ್ಟಿ ಅಲ್ಲೇ ಇದೆ" ಎಂದು ಲಿಸಿಯಾಟೆ ಪಿಸುಗುಟ್ಟಿದ.

"ಸುಮ್ನಿರೋ" ಎಂದೆ.

ನಿನ್ನನ್ನು ನೆನೆದು ಉದ್ದ ಲೆನ್ಸಿನ ಉಂಗುರವನ್ನೇ ಇನ್ನೊಮ್ಮೆ ತಿರುಗಿಸಿದೆ, ಮಂಜು ಮಂಜಾಗಿಯೇ ಉಳಿಯಿತು. ಅಕ್ಕ ನನ್ನನ್ನೂ ತಿಮಿಂಗಿಲವನ್ನೂ ಒಮ್ಮೆ ನೋಡಿ, "ಆ ಕ್ಯಾಮೆರಾನೂ ಚೆನ್ನಾಗಿದೆ. ಕೊಡು ಇಲ್ಲಿ" ಎಂದಳು. ಕೊಟ್ಟೆ. ಉದ್ದ ಲೆನ್ಸನ್ನು ಕಳಚಿ ನನ್ನ ಮಡಿಲಿಗೆ ಹಾಕಿ, ಗಿಡ್ಡದ್ದನ್ನು ಸಿಕ್ಕಿಸಿ, "ಯಾವುದನ್ನ ಒತ್ಬೇಕು ಅಷ್ಟು ಹೇಳು. ಪಾಠ ಬೇಡ" ಎಂದಳು. ಒಂದೇ ವಾಕ್ಯದಲ್ಲಿ ಹೇಳಿದೆ. ಚಿತ್ರ ಕೊಂಚ ವಾಲಿದೆಯಾದರೂ ತಾಯಿಯ ಕಣ್ಣು, ಮರಿಯ ಮೂತಿ ಎರಡೂ ಸ್ಪಷ್ಟ. ಮನಸ್ಸಿನಲ್ಲೇ ನೂರಕ್ಕೆ ತೊಂಬತ್ತು ಕೊಟ್ಟೆ.

ದೇವರು ನಿನ್ನ ಕಣ್ಣಿಗೆ ಬೆಳಕನ್ನೂ ಲೂಪೆಗೆ ತಾಳ್ಮೆಯನ್ನೂ ಅನುಗ್ರಹಿಸಲಿ.

ನಿನ್ನವನೇ ಆದ
ಫಿಲಿಮೋನೆ

ಮರೆತಿದ್ದೆ: ಪತ್ರ ಒಯ್ಯುವ ಪಾದ್ರಿಗಳು ಬಾಗಿಲಲ್ಲೇ ನಿಂತಿದ್ದಾರೆ. ಚಿತ್ರ ಕ್ಯಾಮೆರಾದೊಳಗಿದೆ, ಕ್ಯಾಮೆರಾ ಅಕ್ಕನದು. ಅದನ್ನು ಬೇರೆಯವರ ಕೈಗೆ ಕೊಡಲೊಲ್ಲದೆ ಅವಳೇ ಗುರುವಾರದ ವಿಮಾನಕ್ಕೆ ಹೊರಟಿದ್ದಾಳೆ. ನಿನ್ನ ಹಾಸಿಗೆಯ ಪಕ್ಕದಲ್ಲೇ ಕೂರುವಳಂತೆ. ಆದ್ದರಿಂದ ಶುಕ್ರವಾರ ಪಟ್ಟಿ ಬಿಚ್ಚಿದಾಗ ನಿನಗೆ ಮೊದಲು ಕಾಣುವುದು ತಿಮಿಂಗಿಲವಲ್ಲ. ಗಾಬರಿಯಾಗಬೇಡ.