ಹತ್ತು ದಿನಕ್ಕೊಂದು ದೋಣಿ

ಜನವರಿ 9, ಗುರುವಾರ

ಏಳೂವರೆಯ ಬಸ್ ಇವತ್ತೂ ತಪ್ಪಿತು. ಓಡಿದ್ದರೆ ಸಿಗುತ್ತಿತ್ತು. ಓಡಲಿಲ್ಲ. "ಸೋಮಾರಿ ಹುಟ್ಟೇತಿ ನಮ್ಮನ್ಯಾಗ" ಎಂದು ಅವ್ವ ಬಾಗಿಲಿನಿಂದಲೇ ಕೂಗಿದಳು. ಹಂಪಸಾಗರದಿಂದ ಹಗರಿಬೊಮ್ಮನಹಳ್ಳಿ ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿತ್ತು.

ಜುವಾಲಜಿಯ ಸೋಮಶೇಖರ್ ಸರ್ ಬೈಯಲಿಲ್ಲ. ಮೊಬೈಲ್ ತೋರಿಸಿದರು. ಸಮ್ಮರ್ ಫೆಲೋಶಿಪ್. ಚೆನ್ನೈಯಿಂದ ಹಡಗಿನಲ್ಲಿ, ಆಮೇಲೆ ದೋಣಿಯಲ್ಲಿ ಹೋಗಬೇಕಾದ ದ್ವೀಪ, ಅಲ್ಲೊಂದು ಫೀಲ್ಡ್ ಸ್ಟೇಷನ್. ಎಂಟು ವಾರ ಕಡಲಾಮೆಗಳ ಕೆಲಸ. ದೇಶಕ್ಕೆಲ್ಲ ಆರೇ ಜನ.

"ಹಾಕು ಚಂದನಾ. ಬಿಸಿಲಾಗ ಕುರಿ ಹಿಂದ ತಿರುಗಿದಾಕಿ ನೀನು. ಉಳಿದೋರಿಗೆ ಇದು ಆಗಂಗಿಲ್ಲ."

ನಾನು ಸಮುದ್ರ ನೋಡಿಯೇ ಇಲ್ಲ. ಡ್ಯಾಮಿನ ಹಿನ್ನೀರೇ ದೊಡ್ಡದು.

ಜನವರಿ 26, ಭಾನುವಾರ

'ಏಕೆ ಬರಲು ಬಯಸುತ್ತೀರಿ?' ಐನೂರು ಪದ. ನಾಲ್ಕು ಸಲ ಬರೆದು ಹರಿದೆ. ಐದನೇ ಸಲ ಅಪ್ಪನ ಬಗ್ಗೆ ಬರೆದೆ — ಕೆಸರಲ್ಲಿ ಗೊರಸಿನ ಗುರುತು ನೋಡಿ ಯಾವ ಕುರಿ ಕುಂಟುತ್ತದೆ, ಯಾವುದು ಗಬ್ಬ ಎಂದು ಹೇಳುವುದು, ಅದನ್ನು ನನಗೆ ಕಲಿಸಿದ್ದು. ಸರ್ ಇಂಗ್ಲಿಷ್ ಮಾತ್ರ ತಿದ್ದಿದರು.

'ದಿನಕ್ಕೆ ಎಂಟು ಕಿಲೋಮೀಟರ್ ಮರಳಿನಲ್ಲಿ ನಡೆಯಬಲ್ಲಿರಾ?' ಹೌದು. ಟಿಕ್.

ಅಪ್ಪ ಸಹಿ ಹಾಕಿದ. ಒಂದೊಂದೇ ಅಕ್ಷರ. 'ಬಂಗಾರಪ್ಪ'ನ ಕೊನೆಯ 'ಪ್ಪ' ಗೆರೆ ದಾಟಿತು.

ಫೆಬ್ರವರಿ 27, ಗುರುವಾರ

ಸೆಲೆಕ್ಟ್!!

ಬಸ್ ಸ್ಟ್ಯಾಂಡಿನಲ್ಲಿ ಮೇಲ್ ಓದಿದೆ. ಮೂರು ಸಲ. ಆಮೇಲೆ ಶಿವಲೀಲಾಳ ಕೈಗೆ ಕೊಟ್ಟೆ. ಒಂದನೇ ಕ್ಲಾಸಿನಿಂದ ಜೊತೆಗಿರುವವಳು, ನನಗಿಂತ ಜೋರಾಗಿ ಕಿರುಚಿದಳು. ಕಂಡಕ್ಟರ್ ಓಡಿ ಬಂದ.

ಅಪ್ಪ ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಾನೆ. ಅವ್ವನದು ಬೇರೆ — "ನೀರಿನ ನಡುವ ಹೆಣ್ಣುಮಗಳು ಏನ್ ಉಣ್ತಿ?" ಎಂಟು ವಾರಕ್ಕಾಗುವಷ್ಟು ಕಟಕ್ ರೊಟ್ಟಿಗೆ ಜೋಳ ಹಸನು ಮಾಡಲು ಕೂತಿದ್ದಾಳೆ!

ಮಾರ್ಚ್ 20ರೊಳಗೆ ಮೆಡಿಕಲ್ ಸರ್ಟಿಫಿಕೇಟ್ ಕಳಿಸಬೇಕು. ದ್ವೀಪದಲ್ಲಿ ಡಾಕ್ಟರ್ ಇಲ್ಲ. ದೋಣಿ ಹತ್ತು ದಿನಕ್ಕೊಮ್ಮೆ. ಅದೇನು ದೊಡ್ಡ ಕೆಲಸ, ನಾಳಿದ್ದು ಮಾಡಿಸಿದರಾಯಿತು.

ಮಾರ್ಚ್ 6, ಗುರುವಾರ

ತಾಲ್ಲೂಕು ಆಸ್ಪತ್ರೆ. ಸಂಗೀತಾ ಡಾಕ್ಟರ್ ಬಿಪಿ ನೋಡಿದರು, ಬರೆದರು. ಎದೆಗೆ ಸ್ಟೆತಸ್ಕೋಪ್ ಇಟ್ಟರು. ತೆಗೆಯಲಿಲ್ಲ. ಎಡಕ್ಕೆ ಹೊರಳಿ ಮಲಗಿಸಿ ಮತ್ತೆ ಕೇಳಿದರು.

"ಮೆಟ್ಟಲಾ ಹತ್ತಿದ್ರ ದಮ್ಮು ಬರ್ತೈತೇನು?"

"ಎಲ್ಲರಿಗೂ ಬರ್ತೈತಲ್ರಿ ಮೇಡಂ."

"ಸಣ್ಣಾಕಿ ಇದ್ದಾಗ ಜ್ವರ ಬಂದು ಕೀಲು ಬಾತಿದ್ವಾ?"

ಬಾತಿದ್ದವು. ಅದನ್ನು ಇವರಿಗೆ ಯಾರು ಹೇಳಿದರು?

ಫಾರ್ಮ್ ಖಾಲಿಯೇ ವಾಪಸ್ ಬಂತು. ಜೊತೆಗೆ ಎಕೋಗೆ, ಅಂದರೆ ಹೃದಯದ ಸ್ಕ್ಯಾನಿಗೆ, ಚೀಟಿ.

ಮಾರ್ಚ್ 10, ಸೋಮವಾರ

ಹೊಸಪೇಟೆಯಲ್ಲಿ ಎಕೋ ಆಯಿತು. ರಿಪೋರ್ಟ್ ಹಿಡಿದು ಮತ್ತೆ ಸಂಗೀತಾ ಮೇಡಂ ಹತ್ತಿರ.

ಹೃದಯದ ವಾಲ್ವ್ ಕಿರಿದಾಗಿದೆ. ಆ ಜ್ವರದ್ದೇ ಕೆಲಸ. ಇಪ್ಪತ್ತೊಂದು ದಿನಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಬೆಂಗಳೂರಿಗೆ ಹೋಗಿ ವಾಲ್ವ್ ಅಗಲಿಸಲು ಬಲೂನ್ ಹಾಕಿಸಬೇಕಾಗಬಹುದು.

"ಇಂಜೆಕ್ಷನ್ ಜೊತಿಗೆ ಒಯ್ದರ?" ಕೇಳಿದೆ.

"ಎದ್ಯಾಗ ನೀರು ತುಂಬಿದ್ರ ಹತ್ತು ದಿನ ದೋಣಿ ಕಾಯಾಕಾಗಂಗಿಲ್ಲವ್ವಾ. ನಾ ಸೈನ್ ಮಾಡಂಗಿಲ್ಲ."

ಕೋಪದಿಂದ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಮಾರ್ಚ್ 14, ಶುಕ್ರವಾರ. ಸಂಜೆ

ಅಪ್ಪನಿಗೆ ಇವತ್ತು ಹೇಳಿದೆ. ಹಟ್ಟಿಯಲ್ಲಿ ಮರಿಗಳನ್ನು ತಾಯಿಗೆ ಬಿಡುತ್ತಿದ್ದ. ಒಂಬತ್ತು ವರ್ಷದವಳಿದ್ದಾಗ ಬಂದ ಜ್ವರ ಹೃದಯಕ್ಕೆ ಹೋಗಿದೆ ಎಂದೆ.

ಕೈಯಲ್ಲಿದ್ದ ಮರಿಯನ್ನು ಕೆಳಗಿಡಲೇ ಇಲ್ಲ.

"ಆಗ ಕುರಿ ಹೊಡ್ಕೊಂಡು ಹಡಗಲಿ ಕಡಿಗೆ ಹೋಗಿದ್ದೆ ನಾನು. ಬಂದು ನೋಡಿದ್ರ ನೀ ಎದ್ದು ಅಡ್ಡಾಡಾಕತ್ತಿದ್ದಿ. ಮೈಲಾರಪ್ಪನ ಬಂಡಾರ ಹಚ್ಚಿ ಸುಮ್ನಾದ್ವಿ."

ಮರಿಯ ಬೆನ್ನಿಗಂಟಿದ್ದ ಹುಲ್ಲು ತೆಗೆದ. ಆಮೇಲೆ —

"ಕುರಿ ಕಾಯಾಕ ಬಂದಾಗ ಹಿಂದ ಉಳೀತಿದ್ದಿ. ಸೋಮಾರಿ ಅಂತಿದ್ದೆ. ಒಂದಿನ ಕೋಲು ತಗೊಂಡು ಹೊಡ್ದೆ. ಕುರಿ ಹಿಂದ ಉಳಿದ್ರ ಹೆಗಲ ಮ್ಯಾಲೆ ಹೊತ್ಕೊಂಡು ಬರ್ತಿದ್ದೆ ಯವ್ವಾ. ನಿನ್ನ ಹೊಡ್ದೆ."

ನನಗೆ ಆ ಏಟು ನೆನಪೇ ಇಲ್ಲ. ಹಾಗೇ ಹೇಳಿದೆ. ನಂಬಲಿಲ್ಲ.

"ನೀ ಹೋಗ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಅನ್ನೋ ಮುಖ ಇಲ್ಲ ನನಗ."

ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರ್ಚ್ 17, ಸೋಮವಾರ

ಶಿವಲೀಲಾ ಕೈ ಹಿಡಿದು ಎಳೆದುಕೊಂಡು ಹೋದಳು. "ಬಾರಲೇ, ಸಂತಿ ಹತ್ರ ಒಬ್ಬ ಡಾಕ್ಟರ್ ಅದಾನ. ಮುಟ್ಟಂಗೂ ಇಲ್ಲ, ಬರ್ದು ಕೊಡ್ತಾನ." ಮುಟ್ಟಲಿಲ್ಲ. ಹೆಸರು, ವಯಸ್ಸು, ಸೀಲು. 'ಕಠಿಣ ಹೊರಾಂಗಣ ಕೆಲಸಕ್ಕೆ ಯೋಗ್ಯಳು.' ನಾಲ್ಕು ನಿಮಿಷ.

ಇಷ್ಟು ವರ್ಷ ನಾನೂ ಹೀಗೇ ತಾನೇ ಇದ್ದೆ? ಇನ್ನೆಂಟು ವಾರ...

ಮಾರ್ಚ್ 19, ಬುಧವಾರ

ಅಪ್‌ಲೋಡ್ ಮಾಡಲು ಹೊರಟೆ. ಕಂಪ್ಯೂಟರ್ ಲ್ಯಾಬ್ ಎರಡನೇ ಮಹಡಿಯಲ್ಲಿದೆ. ಯಾವಾಗಲೂ ಶಿವಲೀಲಾಳ ಜೊತೆ ಹರಟುತ್ತ, ಅಲ್ಲಲ್ಲಿ ನಿಂತು ಹತ್ತುತ್ತಿದ್ದೆ. ಇವತ್ತು ಬೇಕೆಂದೇ ನಿಲ್ಲದೆ ಹತ್ತಿದೆ.

ಇಪ್ಪತ್ತಾರನೇ ಮೆಟ್ಟಿಲಿಗೆ ಕೂತೆ. ಉಸಿರು ಒಳಗೆ ಹೋಗುತ್ತಿಲ್ಲ. ಫಸ್ಟ್ ಇಯರ್ ಹುಡುಗಿಯರು "ಅಕ್ಕಾ, ನೀರು ಬೇಕೇನ್ರಿ?" ಎಂದರು. ತೊಡೆಯ ಮೇಲೆ ಆ ಕಾಗದ. ಕಠಿಣ ಕೆಲಸಕ್ಕೆ ಯೋಗ್ಯಳು.

ಮರಳಿನಲ್ಲಿ ನಾನು ಹೀಗೆ ಬಿದ್ದರೆ ಉಳಿದ ಐವರು ಆಮೆ ಬಿಟ್ಟು ನನ್ನನ್ನು ಹೊರಬೇಕು. ಎಲ್ಲಿಗೆ ಹೊರುತ್ತಾರೆ?

ಲ್ಯಾಬಿಗೆ ಹೋಗಿ, ಆ ಕಾಗದದ ಬದಲು ಎಕೋ ರಿಪೋರ್ಟನ್ನು ಫೀಲ್ಡ್ ಸ್ಟೇಷನ್ನಿನ ಮೇಡಂಗೆ ಕಳಿಸಿದೆ. 'ಮೇಡಂ, ಕ್ಷಮಿಸಿ. ನನಗೆ ಗೊತ್ತಿರಲಿಲ್ಲ.'

ಮಾರ್ಚ್ 24, ಸೋಮವಾರ

ಉತ್ತರ ಬಂತು. ಒಳ್ಳೆಯ ಉತ್ತರ. ನನ್ನ ಅರ್ಜಿಯನ್ನು ಸ್ಟೇಷನ್ನಿನ ಎಲ್ಲರೂ ಓದಿದ್ದರಂತೆ. ನಿಮ್ಮ ತಂದೆಯ ಬಗ್ಗೆ ಬರೆದದ್ದು ಮರೆಯುವುದಿಲ್ಲ ಎಂದಿದ್ದಾರೆ. ಆರೋಗ್ಯ ಮೊದಲು ಎಂದಿದ್ದಾರೆ. ಜಾಗವನ್ನು ವೇಟಿಂಗ್ ಲಿಸ್ಟಿನವರಿಗೆ ಕೊಟ್ಟಿದ್ದಾರೆ.

ಡಿಲೀಟ್ ಮಾಡಿದೆ. ಟ್ರ್ಯಾಶಿನಿಂದ ತೆಗೆದೆ.

ಏಪ್ರಿಲ್ 2, ಬುಧವಾರ

"ಯಾರಿಗೂ ಹೇಳಬ್ಯಾಡ" ಎಂದಳು ಅವ್ವ. "ನಾಳೆ ನಿನ್ನ ನೋಡಾಕ ಬರೋರಿಗೆ ಗೊತ್ತಾದ್ರ?" ಊರಲ್ಲಿ ಕೇಳಿದವರಿಗೆಲ್ಲ ಬೇರೆಯೇ ಹೇಳುತ್ತಿದ್ದಾಳೆ — ದೂರ ಆತು, ನಾವೇ ಕಳಿಸಲಿಲ್ಲ. ಪಕ್ಕದ ಮನೆ ಸುಜಾತಕ್ಕ "ಚಲೋ ಮಾಡಿದ್ರಿ" ಅಂದಳಂತೆ.

ಒಣಗಿಸಿದ ರೊಟ್ಟಿಯನ್ನು ದಿನಾ ನಾವೇ ತಿನ್ನುತ್ತಿದ್ದೇವೆ. ಅವ್ವ ನನ್ನ ತಟ್ಟೆಗೆ ಹಾಕುವಾಗ ಮುಖ ನೋಡುವುದಿಲ್ಲ.

ಏಪ್ರಿಲ್ 20, ಭಾನುವಾರ. 4.40

ಚೆನ್ನೈಯಿಂದ ನಾಲ್ಕಕ್ಕೆ ಹಡಗು ಬಿಟ್ಟಿರಬೇಕು.

ಹಿನ್ನೀರಿನ ಕಡೆ ಅಪ್ಪನ ಜೊತೆ ಬಂದಿದ್ದೇನೆ. ನಡೆಸಲಿಲ್ಲ, ಗಾಡಿಯಲ್ಲಿ ಕೂರಿಸಿಕೊಂಡು ಬಂದ. ಕುರಿ ನೀರು ಕುಡಿಯುತ್ತಿವೆ. ಅಪ್ಪ ಪಕ್ಕದಲ್ಲಿ ಕೂತು ಕೇಳಿದ, "ಅಲ್ಲಿ ಏನ್ ಮಾಡಾಕಿ ಇದ್ದಿ ನೀನು?"

ಇದುವರೆಗೆ ಯಾರೂ ಕೇಳಿರಲಿಲ್ಲ.

ಹೇಳಿದೆ. ಆಮೆ ಮೊಟ್ಟೆಯಿಟ್ಟ ಕಡೆ ಕೋಲು ನೆಡುವುದು. ಮರಿ ಹೊರಬೀಳುವ ಹೊತ್ತಿಗೆ ಏಡಿ, ಹದ್ದು ಬಾರದಂತೆ ಕಾಯುವುದು. ಒಂದೊಂದನ್ನೂ ಎಣಿಸುವುದು. ಕೈ ಮಾತ್ರ ಹಚ್ಚಬಾರದು, ಅವು ತಾವೇ ನಡೆದು ನೀರು ಮುಟ್ಟಬೇಕು.

"ಎತ್ತಿ ನೀರಿಗೆ ಬಿಟ್ರ ಏನಾಗ್ತೈತಿ?"

"ಹಂಗ ಮಾಡಬಾರದಪ್ಪ. ಯಾಕಂದ್ರ ಅವು..." ಅಂದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಉತ್ತರ ಗೊತ್ತಿತ್ತು, ಪುಸ್ತಕದಲ್ಲಿ ಎರಡು ಸಲ ಓದಿದ್ದೆ: ತಾವೇ ನಡೆದರೆ ಮಾತ್ರ ಅವು ದೊಡ್ಡವಾದ ಮೇಲೆ ಅದೇ ದಂಡೆಗೆ ಮರಳಿ ಬರುತ್ತವೆ. ಅದನ್ನು ಹೇಳುವ ಬದಲು, ನೀರು ಕುಡಿದು ಮೇಲೆ ಬರುತ್ತಿದ್ದ ಕುರಿಗಳನ್ನು ಒಂದೊಂದಾಗಿ ಎಣಿಸತೊಡಗಿದೆ.