ಗಾರ್ತ್ ಕೊಟ್ಟ ಕಾರು

ವಾಲರೂ, ದಕ್ಷಿಣ ಆಸ್ಟ್ರೇಲಿಯಾ
ಡಿಸೆಂಬರ್ 9, ಸೋಮವಾರ

ಮಗನೇ ಗಾರ್ತ್,

ಡಾರ್ವಿನ್ನಿನ ಸೆಕೆಯಲ್ಲಿ ನಿನ್ನ ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನನ್ನ ಮಂಡಿ ಹಿಡಿದುಕೊಂಡಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ.

ಕೋರಲ್ ಚಿಕ್ಕಮ್ಮನ ಅಂತ್ಯಕ್ರಿಯೆಗೆ ನೀನು ಕಳಿಸಿದ ಹೂವು ತಲುಪಿತು. ‘ಕೊನೇ ಗಳಿಗೇಲಿ ಅಮ್ಮ ಪಕ್ಕದಲ್ಲಿದ್ದಳು, ಅದೇ ಸಮಾಧಾನ’ ಎಂದು ಚೀಟಿಯಲ್ಲಿ ಬರೆದಿದ್ದೆ. ನಾನು ಪಕ್ಕದಲ್ಲಿರಲಿಲ್ಲ. ಏಕೆಂದು ನಿನಗೆ ಗೊತ್ತಾಗಲಿ. ಈಸ್ಟರ್ ದಿನ ನನ್ನ ಪೆಟ್ರೋಲ್ ಕಾರನ್ನು ಮಾರಿಸಿ, ನಿನ್ನ ಹಳೆಯ ಎಲೆಕ್ಟ್ರಿಕ್ ಕಾರಿನ ಕೀಲಿಯನ್ನು ನೆಂಟರೆಲ್ಲರ ಎದುರು ನನ್ನ ಕೈಗಿಟ್ಟೆ. “ಒಂದ್ಸಲ ಚಾರ್ಜ್ ಮಾಡಿದ್ರೆ ಸಾಕಮ್ಮ, ಆರಾಮಾಗಿ ಅಡಿಲೇಡ್ ಮುಟ್ತೀಯ” ಎಂದೆ. ಎಂಥ ಮಗ ಎಂದು ಎಲ್ಲರೂ ಹೊಗಳಿದರು. ಊರೊಳಗೆ ಅದು ಒಳ್ಳೆಯ ಗಾಡಿಯೇ, ಇಲ್ಲವೆನ್ನಲಾರೆ. ಮಧ್ಯಾಹ್ನ ಚಾವಣಿಯ ಸೋಲಾರ್ ಕರೆಂಟಿಗೆ ಸಿಕ್ಕಿಸಿಟ್ಟರೆ ಸಂಜೆಯೊಳಗೆ ತುಂಬುತ್ತಿತ್ತು. ಎಂಜಿನ್ ಆಯಿಲ್ ಬದಲಿಸುವ ಗೋಳಿರಲಿಲ್ಲ. ಅಂಗಡಿಗೂ ಚರ್ಚಿಗೂ ಬಿಟ್ಟಿ ಓಡಾಟ.

ನವೆಂಬರ್‌ನಲ್ಲಿ ಕೋರಲ್ ಇದ್ದ ಅಡಿಲೇಡ್ ಆಸ್ಪತ್ರೆಯಿಂದ ಫೋನ್ ಬಂತು. “ಅಕ್ಕನ್ನ ಕೇಳ್ತಿದಾರೆ, ಇವತ್ತೇ ಬಂದ್ಬಿಡಿ” ಎಂದಳು ನರ್ಸ್. ಬೆಳಿಗ್ಗೆ ಎಂಟಕ್ಕೇ ಹೊರಟೆ. ನಲವತ್ತೊಂದು ಡಿಗ್ರಿ ಬಿಸಿಲು. ಹೆದ್ದಾರಿಗೆ ಏರಿ ಎಸಿ ಹಾಕಿದ್ದೇ ತಡ, ಪರದೆಯ ಮೇಲಿನ ಬ್ಯಾಟರಿ ಅಂಕಿ ಸರಸರನೆ ಇಳಿಯತೊಡಗಿತು. ಎಸಿ ಆರಿಸಿದೆ, ಕಿಟಕಿ ಇಳಿಸಿದೆ, ಲಾರಿಗಳು ಹಾರನ್ ಹೊಡೆಯುತ್ತಿದ್ದರೂ ಅರುವತ್ತರಲ್ಲಿ ತೆವಳಿದೆ. ಅರ್ಧ ದಾರಿಯೂ ಆಗಿರಲಿಲ್ಲ, ರಸ್ತೆಬದಿಯ ಚಾರ್ಜರ್ ಹತ್ತಿರ ಬರುವಷ್ಟರಲ್ಲಿ ಬ್ಯಾಟರಿ ಬರಿದಾಗಿತ್ತು. “ಈ ಚಾರ್ಜರ್ ಕೆಟ್ಟು ನಾಲ್ಕು ದಿನ ಆಯ್ತಲ್ಲ ಅಜ್ಜಿ” ಎಂದ ಅಲ್ಲಿದ್ದವನೊಬ್ಬ. ಕಾರನ್ನು ಎಳೆದೊಯ್ಯುವ ಲಾರಿಗೆ ನಾಲ್ಕು ಗಂಟೆ ಕಾದೆ. ಅದರಲ್ಲೇ ಕೂತು ಆಸ್ಪತ್ರೆ ಮುಟ್ಟಿದಾಗ ಎರಡೂ ಮುಕ್ಕಾಲು. ಕೋರಲ್ ಎರಡೂ ಇಪ್ಪತ್ತಕ್ಕೆ ಹೋಗಿದ್ದಳು. ಅವಳ ಕೈಯಲ್ಲಿ ಇನ್ನೂ ಬಿಸಿಯಿತ್ತು.

ದೇವರು ಹೀಗೆ ಬರೆದಿದ್ದ ಎಂದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ಕಾರು ನೋಡಲು ಬಂದ ಮೆಕ್ಯಾನಿಕ್ ಹುಡುಗಿ ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ಕಾಗದ ತೆಗೆದಳು. ಮಾರ್ಚ್‌ನಲ್ಲಿ ನೀನೇ ಮಾಡಿಸಿದ ಬ್ಯಾಟರಿ ಪರೀಕ್ಷೆ. ಬ್ಯಾಟರಿಯ ಶಕ್ತಿ ಉಳಿದಿರುವುದು ಅರ್ಧವಷ್ಟೇ, ದೂರದ ಪ್ರಯಾಣ ಬೇಡ ಎಂದು ಬರೆದಿತ್ತು. ಕೆಳಗೆ ನಿನ್ನ ಸಹಿ. “ನಿಮ್ಗೆ ಕೊಡೋವಾಗ್ಲೇ ಅವ್ರಿಗೆ ಗೊತ್ತಿತ್ತಲ್ಲಮ್ಮ” ಎಂದಳು. ಅವಳ ಮುಖ ನೋಡಲಾಗದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ನೀರು ಕುದಿದು ಆರಿದರೂ ಅಲ್ಲೇ ನಿಂತಿದ್ದೆ.

ಕ್ರಿಸ್‌ಮಸ್‌ಗೆ ಬರುವೆನೆಂದು ಬರೆದಿದ್ದೀಯ. ಬಾ, ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಅಡಿಲೇಡ್ ವಿಮಾನ ನಿಲ್ದಾಣಕ್ಕೆ ನಾನೇ ಕಾರು ತರುತ್ತೇನೆ, ಈಗ ಅದು ಚಾರ್ಜಿಗೆ ಎಲ್ಲೂ ನಿಲ್ಲದೆ ಬರುತ್ತದೆ. ಆರೋಗ್ಯ ನೋಡಿಕೋ. ನಿನಗೆ ಒಳ್ಳೆಯ ಬುದ್ಧಿ ಬರಲೆಂದು ಹರಸುವ,

ನಿನ್ನ ಹೆತ್ತವಳು
ಮೆರ್ಲ್ ಟ್ರೆಝೈಸ್

ಮರೆತಿದ್ದೆ: ಮೀನು ಹಿಡಿಯಲು ನಿನ್ನ ದೋಣಿಯನ್ನು ತೊಳೆಸಿಡು ಎಂದಿದ್ದೆಯಲ್ಲ, ತೊಳೆಸಿ ಗುರುವಾರ ಮಾರಿದೆ. ನಿಮ್ಮಿಬ್ಬರ ವಿಚ್ಛೇದನದಲ್ಲಿ ಟ್ಯಾಮ್ಸಿನ್‌ಗೆ ಪಾಲು ಹೋಗಬಾರದೆಂದು ನೀನೇ ಅದನ್ನು ನನ್ನ ಹೆಸರಿಗೆ ಬರೆಸಿದ್ದೆ. ಹಾಗಾಗಿ ನನ್ನ ಸಹಿಯೇ ಸಾಕಾಯಿತು. ಅರ್ಧ ದುಡ್ಡು ಹೊಸ ಬ್ಯಾಟರಿಗೆ ಹೋಯಿತು. ಇನ್ನರ್ಧ ಟ್ಯಾಮ್ಸಿನ್‌ಗೆ ಕಳಿಸಿದೆ. ಎಲ್ಲಿಂದ ಬಂತೆಂದು ಕೇಳಿದಳು, ಹೇಳಿದೆ. ಅವಳ ವಕೀಲರಿಂದ ನಿನಗೂ ಒಂದು ಪತ್ರ ಬರುತ್ತದಂತೆ.